ಹಿರಣ್ಯಕೇಶಿ ನೌಕೆಯೂ ನಾಲ್ಕು ಕವಡೆಯೂ

“ಅಪ್ಪಾ, ಯಾರ ಜೋಡಿ ಮಾತಾಡಾಕತ್ತೀ?”

ಐದನೇ ಇಯತ್ತೆಯ ಮಗಳು ಬಾಗಿಲಲ್ಲಿ ನಿಂತು ಕೇಳಿದಾಗ ನನಗೆ ನಾಚಿಕೆಯಾಯಿತು. ರಾತ್ರಿ ಹತ್ತು ಗಂಟೆ. ಊಟದ ಮೇಜಿನ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಲುಡೋ ಡಬ್ಬಿಯಿಂದ ಕದ್ದ ಎರಡು ದಾಳ, ಇಸ್ಪೀಟಿನ ಕಟ್ಟು, ಗೋಕಾಕದ ಬಣ್ಣದ ಕಟ್ಟಿಗೆಯ ಐದಾರು ಹಣ್ಣು. ಎದುರಿಗೆ ಯಾರೂ ಇಲ್ಲ. ನಾನು ಮಾತ್ರ ಸಾಕಷ್ಟು ಗಟ್ಟಿಯಾಗಿ, “ಇಂಧನ ಎರಡು ದಿನಕ್ಕಷ್ಟೇ ಐತಿ, ಕ್ಯಾಪ್ಟನ್” ಎಂದು ಹೇಳುತ್ತಿದ್ದೆ.

“ಆಟ ಆಡಾಕತ್ತೀನಿ” ಎಂದೆ.

“ಒಬ್ಬನ?”

ಹುಕ್ಕೇರಿಯಂಥ ಊರಲ್ಲಿ ನಲವತ್ತು ದಾಟಿದ ಗಂಡಸು ಒಬ್ಬನೇ ಕೂತು ದಾಳ ಉರುಳಿಸುತ್ತಾನೆಂದರೆ ಜನ ಎರಡೇ ಅರ್ಥ ಮಾಡಿಕೊಳ್ಳುತ್ತಾರೆ: ಒಂದು ಜೂಜು, ಇನ್ನೊಂದು ತಲೆ ಕೆಟ್ಟಿದೆ. ನನ್ನದು ಎರಡೂ ಅಲ್ಲ ಎಂದು ಹೆಂಡತಿಗೆ ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ನಿಮಗೂ ಈಗಲೇ ಹೇಳಿಬಿಡುತ್ತೇನೆ.

ಪಾತ್ರ ವಹಿಸಿ ಆಡುವ ಆಟಗಳೆಂಬ ಒಂದು ಜಾತಿಯಿದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದರ ಮೂಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ, ಉಳಿದವರು ಒಂದೊಂದು ಪಾತ್ರ. ಸೂತ್ರಧಾರ “ಗುಹೆಯ ಬಾಗಿಲು ತೆರೆದಿದೆ, ಒಳಗೆ ಏನೋ ಉಸಿರಾಡುತ್ತಿದೆ, ಏನು ಮಾಡುತ್ತೀರಿ?” ಎನ್ನುತ್ತಾನೆ. ಆಟಗಾರರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ಬಯಲಾಟ, ದೊಡ್ಡಾಟಕ್ಕೆ ಮಾತು ಬರೆದಿಟ್ಟಿರುವುದಿಲ್ಲ, ಭೀಮ ಗೆಲ್ಲುತ್ತಾನೋ ಇಲ್ಲವೋ ಭಾಗವತನಿಗೂ ಗೊತ್ತಿಲ್ಲ ಎಂದುಕೊಳ್ಳಿ, ಹೆಚ್ಚುಕಡಿಮೆ ಅದೇ.

ಬೆಳಗಾವಿಯಲ್ಲಿ ಕಾಲೇಜು ಓದುವಾಗ ನಾವು ಐದು ಜನ ಹಾಸ್ಟೆಲ್ ಕೋಣೆಯಲ್ಲಿ ಇದನ್ನು ಆಡುತ್ತಿದ್ದೆವು. ಈಗ ಒಬ್ಬ ಪುಣೆ, ಇಬ್ಬರು ಬೆಂಗಳೂರು, ಒಬ್ಬ ದುಬೈ. ಫೋನಿನಲ್ಲಿ “ಒಮ್ಮೆ ಕೂಡೂಣು” ಎಂದು ಹೇಳುತ್ತ ಹದಿನೈದು ವರ್ಷ ಹೋದವು. ಹುಕ್ಕೇರಿಯಲ್ಲಿ ಉಳಿದವನು ನಾನೊಬ್ಬ. ಸೂತ್ರಧಾರನೂ ನಾನೇ, ಆಟಗಾರನೂ ನಾನೇ ಆಗಬೇಕಾಯಿತು.

ಇದು ನನ್ನ ಹುಚ್ಚಿನಿಂದ ಹುಟ್ಟಿದ್ದೇನೂ ಅಲ್ಲ. 1977ರಲ್ಲಿ ಮಾರ್ಕ್ ಮಿಲ್ಲರ್ ಬರೆದ ‘ಟ್ರಾವೆಲರ್’ ಎಂಬ ಬಾಹ್ಯಾಕಾಶದ ಆಟ ಬಂತು. ಅಂಗೈಗಿಂತ ತುಸು ದೊಡ್ಡದಾದ ಮೂರು ಕಪ್ಪು ಪುಸ್ತಕಗಳು, ಅಷ್ಟೇ. ಒಬ್ಬರೇ ಕೂತು ಆಡಬಹುದೆಂದು ಅದರ ನಿಯಮಗಳಲ್ಲೇ ಇದೆ. 1983ರಲ್ಲಿ ಇಂಗ್ಲೆಂಡಿನ ಸ್ಟೀವ್ ಜಾಕ್ಸನ್ ‘ಸ್ಟಾರ್‌ಶಿಪ್ ಟ್ರಾವೆಲರ್’ ಎಂಬ ಪುಸ್ತಕ ಬರೆದರು. ಓದುತ್ತ ಹೋದಂತೆ “ಎಡಕ್ಕೆ ಹೋಗುವುದಾದರೆ ಇಂಥ ಪರಿಚ್ಛೇದಕ್ಕೆ ಹೋಗಿ” ಎನ್ನುವ ಮಾದರಿ. ಈಚೆಗೆ 2022ರಲ್ಲಿ ಶಾನ್ ಟಾಮ್ಕಿನ್ ಅವರ ‘ಸ್ಟಾರ್‌ಫೋರ್ಜ್ಡ್’ ಬಂದಿದೆ. ಅದು ಒಂಟಿ ಆಟಗಾರನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿದ್ದು. ಅದಕ್ಕೂ ಹಿಂದಿನ ಅವರ ‘ಐರನ್‌ಸ್ವೋರ್ನ್’ ನಿಯಮಪುಸ್ತಕವನ್ನು ಅವರು ಪುಕ್ಕಟೆಯಾಗಿಯೇ ಕೊಟ್ಟಿದ್ದಾರೆ.

ಒಬ್ಬರೇ ಆಡುವುದು ನಮ್ಮವರಿಗೂ ಹೊಸದಲ್ಲ. ಅಳಿಗುಳಿಮಣೆಯಲ್ಲಿ ಒಬ್ಬರೇ ಆಡುವ ಬಗೆಯೊಂದಿದೆ. ಅಶೋಕವನದಲ್ಲಿ ಸೀತೆ ಹೊತ್ತು ಕಳೆಯಲು ಅದನ್ನು ಆಡಿದಳೆಂದು ಹೇಳುತ್ತಾರೆ. ಅದಕ್ಕೇ ಅದು ಸೀತೆಯ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯೊಂದನ್ನೇ 64 ಮನೆಗಳಲ್ಲೂ ಒಂದೊಂದು ಸಲ ಮಾತ್ರ ಕಾಲಿಡುವಂತೆ ನಡೆಸುವ ಲೆಕ್ಕಗಳನ್ನು ಹೆಣೆದರು. ಎದುರಾಳಿ ಇಲ್ಲದ ಆಟ ಅದೂ. ಹೆಂಡತಿಯ ಮುಂದೆ ನಾನು ಈ ಇಬ್ಬರನ್ನೂ ಸಾಕ್ಷಿಗೆ ಕರೆದೆ. “ಸೀತಾಮಾತೆಗೆ ಬೇರೆ ಕೆಲಸ ಇರಲಿಲ್ಲ, ನಿಮಗ ಐತಿ” ಎಂದಳು.

ಮೊದಲ ರಾತ್ರಿ ಟ್ರಾವೆಲರ್ ನಿಯಮದಂತೆ ಒಬ್ಬ ನಾಯಕನನ್ನು ತಯಾರಿಸಲು ಕೂತೆ. ಅವನಿಗೆ ಹದಿನೆಂಟು ವರ್ಷವಾದಾಗ ಒಂದು ನೌಕರಿಗೆ ಸೇರಿಸಬೇಕು. ನಾಲ್ಕು ನಾಲ್ಕು ವರ್ಷಕ್ಕೊಮ್ಮೆ ಅವನು ಬದುಕಿದ್ದಾನೋ ಇಲ್ಲವೋ ಎಂದು ದಾಳ ಹಾಕಿ ನೋಡಬೇಕು. ನಾನು ಅವನನ್ನು ಹೊಸ ಲೋಕಗಳನ್ನು ಹುಡುಕುವ ಸ್ಕೌಟ್ ದಳಕ್ಕೆ ಸೇರಿಸಿದೆ. ಬದುಕಲು ಎರಡು ದಾಳ ಕೂಡಿ ಏಳು ಬರಬೇಕಿತ್ತು, ಬಂದದ್ದು ನಾಲ್ಕು. ಸತ್ತ. ಆಟ ಶುರುವಾಗುವ ಮೊದಲೇ ನಾಯಕ ಸಾಯುವ ಆಟ ಇನ್ನೊಂದಿದ್ದರೆ ನನಗೆ ಗೊತ್ತಿಲ್ಲ. ಎರಡನೆಯ ಸಲ ವ್ಯಾಪಾರಿ ಹಡಗಿನ ನೌಕರಿ ಕೊಡಿಸಿದೆ. ಅಲ್ಲಿ ಐದು ಬಂದರೆ ಸಾಕು. ಹಾಗೆ ಬದುಕಿ ಉಳಿದವಳು ಕ್ಯಾಪ್ಟನ್ ದ್ಯಾಮವ್ವ. ಅವಳ ನೌಕೆಗೆ ಸಂಕೇಶ್ವರದಲ್ಲಿ ಹರಿಯುವ ಹೊಳೆಯ ಹೆಸರನ್ನೇ ಇಟ್ಟೆ: ಹಿರಣ್ಯಕೇಶಿ. ಬಾಹ್ಯಾಕಾಶ ನೌಕೆಗೆ ಇದಕ್ಕಿಂತ ಚಂದದ ಹೆಸರನ್ನು ಯಾವ ಇಂಗ್ಲಿಷ್ ಪುಸ್ತಕದಲ್ಲೂ ನಾನು ಕಂಡಿಲ್ಲ.

ಒಬ್ಬರೇ ಆಡುವಾಗಿನ ದೊಡ್ಡ ತೊಡಕು ಒಂದೇ. ಬಾಗಿಲ ಹಿಂದೆ ಏನಿದೆ ಎಂದು ಹೇಳುವವರು ಯಾರು? ನಾನೇ ಹೇಳಿದರೆ ನನಗೆ ಬೆರಗೆಲ್ಲಿ? ಇದಕ್ಕೆ ಕಂಡುಕೊಂಡ ಉಪಾಯ ಶಕುನ ಕೇಳುವುದು. ಹೌದು ಅಥವಾ ಇಲ್ಲ ಎಂದು ಉತ್ತರ ಬರುವಂಥ ಪ್ರಶ್ನೆ ಕೇಳಿ ದಾಳ ಹಾಕುವುದು. ಪುಸ್ತಕಗಳಲ್ಲಿ ಇದಕ್ಕೆ ನೂರು ಸಾಲಿನ ಪಟ್ಟಿಗಳೇ ಇವೆ. ನಾನು ಮನೆಯ ಚೌಕಾಬಾರದ ನಾಲ್ಕು ಕವಡೆ ತೆಗೆದುಕೊಂಡೆ. “ನಿಲ್ದಾಣದಲ್ಲಿ ಯಾರಾದರೂ ಇದ್ದಾರೆಯೇ?” ಎಂದು ಕೇಳಿ ಎಸೆಯುವುದು. ಮೂರು ಕವಡೆ ಬಾಯಿ ಮೇಲಾದರೆ ಹೌದು. ಒಂದೇ ಆದರೆ ಇಲ್ಲ. ಎರಡಾದರೆ “ಹೌದು, ಆದರೆ...” ಎಂದು ನಾನೇ ಒಂದು ತೊಡಕು ಸೇರಿಸಬೇಕು. ನಾಲ್ಕೂ ಮೇಲಾಗಿ ಚೌಕ ಬಿದ್ದರೆ ಕೇಳಿದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ನಾಲ್ಕೂ ಬೋರಲಾಗಿ ಬಾರ ಬಿದ್ದರೆ ಪ್ರಶ್ನೆಯೇ ತಪ್ಪು, ಯಾರೂ ನೆನೆಸದ ಸಂಗತಿ ನಡೆಯುತ್ತದೆ.

ಇದರಲ್ಲಿ ಒಂದು ಗಣಿತವಿದೆ, ಮಕ್ಕಳಿಗೆ ಹೇಳಿಕೊಡಲು ಒಳ್ಳೆಯದು. ನಾಲ್ಕು ಕವಡೆ ಬೀಳುವ ರೀತಿಗಳು ಒಟ್ಟು 16. ಅದರಲ್ಲಿ ಎರಡು ಮೇಲಾಗುವುದು 6 ರೀತಿ, ಮೂರು 4 ರೀತಿ, ಒಂದು 4 ರೀತಿ, ಚೌಕ ಒಂದೇ ರೀತಿ, ಬಾರವೂ ಒಂದೇ ರೀತಿ. ಕವಡೆ ನಾಣ್ಯದ ಹಾಗೆ ಎರಡೂ ಬದಿ ಸಮವಲ್ಲವಾದ್ದರಿಂದ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಆದರೂ ನೋಡಿ, ಎಲ್ಲಕ್ಕಿಂತ ಹೆಚ್ಚು ಬರುವುದು “ಹೌದು, ಆದರೆ”. ಕಥೆ ಮುಂದೆ ಸಾಗುವುದೂ ಅದರಿಂದಲೇ. ಬರೀ ಹೌದು ಬರುತ್ತಿದ್ದರೆ ಹತ್ತು ನಿಮಿಷಕ್ಕೆ ಆಟ ಮುಗಿಯುತ್ತಿತ್ತು.

ಸ್ಟಾರ್‌ಫೋರ್ಜ್ಡ್‌ಗೆ ಹತ್ತು ಮುಖದ ಎರಡು ದಾಳವೂ ಬೇಕು. ಹುಕ್ಕೇರಿ ಪೇಟೆಯಲ್ಲಿ ಅವು ಎಲ್ಲಿ ಸಿಗಬೇಕು? ಇಸ್ಪೀಟಿನಲ್ಲಿ ಎಕ್ಕದಿಂದ ಹತ್ತರವರೆಗಿನ ಆಠಿನ್ ಎಲೆಗಳದೊಂದು ಕಟ್ಟು, ಇಸ್ಪೀಟ್ ಎಲೆಗಳದೊಂದು ಕಟ್ಟು. ಒಂದೊಂದು ಎಳೆದರೆ ಆಯಿತು. ಎಳೆದ ಎಲೆ ಮತ್ತೆ ಕಟ್ಟಿಗೆ ಸೇರಿಸಿ ಕಲಸುವುದನ್ನು ಮರೆಯಬಾರದು. ಆರು ಮುಖದ ದಾಳ ಹಾಕಿ, ಅದಕ್ಕೆ ಪಾತ್ರದ ಬಲ ಕೂಡಿಸಬೇಕು. ಆ ಮೊತ್ತ ಎರಡೂ ಎಲೆಗಳಿಗಿಂತ ಹೆಚ್ಚಾದರೆ ಪೂರ್ತಿ ಗೆಲುವು, ಒಂದಕ್ಕಿಂತ ಮಾತ್ರ ಹೆಚ್ಚಾದರೆ ಅರೆ ಗೆಲುವು, ಯಾವುದಕ್ಕಿಂತಲೂ ಹೆಚ್ಚಾಗದಿದ್ದರೆ ಸೋಲು. ಸಮಸಮ ಬಂದರೆ ಎಲೆಯದೇ ಮೇಲುಗೈ.

ಗ್ರಹಗಳಿಗೆ ಅವ್ವನ ಗೋಕಾಕ ಹಣ್ಣುಗಳು. ಅವು ಅವಳ ಮದುವೆಯಲ್ಲಿ ಬಂದವು. ಕಿತ್ತಳೆ, ಸೀತಾಫಲ, ಮಾವು, ಒಂದು ಬದನೆಕಾಯಿ. ಬಣ್ಣ ಅಲ್ಲಲ್ಲಿ ಹಾರಿದೆ, ಮಾವಿನ ತೊಟ್ಟು ಮುರಿದಿದೆ. ಸೀತಾಫಲವನ್ನು ಮೇಜಿನ ಮೇಲಿಟ್ಟರೆ ಅದಕ್ಕಿಂತ ಒಳ್ಳೆಯ ಕ್ಷುದ್ರಗ್ರಹ ಬೇಕಿಲ್ಲ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ನನ್ನ ಅಪ್ಪನಿಗೆ ಎಂಬತ್ತರ ಹತ್ತಿರ. ಅವ್ವ ಹೋದ ಮೇಲೆ ಮಾತು ಕಡಿಮೆ. ಮುಂಚೆಯೂ ಹೆಚ್ಚಿರಲಿಲ್ಲ. ಟಿ.ವಿ. ಮುಂದೆ ಕೂರುತ್ತಾರೆ, ನೋಡುತ್ತಾರೋ ಇಲ್ಲವೋ ತಿಳಿಯದು. ಮೊಮ್ಮಗಳು ಏನಾದರೂ ಕೇಳಿದರೆ “ಹೂಂ” ಎನ್ನುತ್ತಾರೆ. ನಾನು ಆಡುತ್ತಿದ್ದ ಮೇಜು ಅವರ ಮಂಚದಿಂದ ಐದು ಹೆಜ್ಜೆ. ಅವರು ಮಲಗಿದ್ದಾರೆಂದೇ ನನ್ನ ಲೆಕ್ಕ.

ಆ ರಾತ್ರಿ ಟ್ರಾವೆಲರ್ ಪುಸ್ತಕದ ಪ್ರಕಾರ ಹೊಸ ಗ್ರಹವೊಂದನ್ನು ದಾಳದಿಂದ ಹುಟ್ಟಿಸುತ್ತಿದ್ದೆ. ಮಗಳು ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದಳು. ಕೂಡುವ ಕಳೆಯುವ ಅಭ್ಯಾಸ ಆಗಲೆಂದು ನಾನೇ ಕೂರಿಸಿಕೊಂಡಿದ್ದೆ. ಗ್ರಹದ ಗಾತ್ರಕ್ಕೆ ಎರಡು ದಾಳ ಹಾಕಿ ಎರಡು ಕಳೆಯಬೇಕು. ಐದು ಮತ್ತು ನಾಲ್ಕು ಬಿತ್ತು, ಅಂದರೆ ಏಳು. ಭೂಮಿ ಎಂಟು, ಇದು ತುಸು ಚಿಕ್ಕದು. ನೀರಿನ ಪ್ರಮಾಣಕ್ಕೆ ಎರಡು ದಾಳದಲ್ಲಿ ಏಳು ಕಳೆದು ಗಾತ್ರವನ್ನು ಕೂಡಬೇಕು. ಆರು, ಐದು ಬಿತ್ತು. ಹನ್ನೊಂದರಲ್ಲಿ ಏಳು ಹೋಗಿ ನಾಲ್ಕು, ಏಳು ಸೇರಿ ಹನ್ನೊಂದು. ಹತ್ತಕ್ಕಿಂತ ಮೇಲಿಲ್ಲ, ಹಾಗಾಗಿ ಹತ್ತು. ಒಂದೊಂದು ಅಂಕಿಗೆ ಶೇಕಡಾ ಹತ್ತು.

“ಪೂರಾ ನೀರ ಅಪ್ಪಾ! ಒಂದು ಚೂರೂ ನೆಲ ಇಲ್ಲ” ಎಂದಳು.

ಜನಸಂಖ್ಯೆಗೆ ಹಾಕಿದೆ. ಐದು, ಮೂರು, ಎರಡು ಕಳೆದು ಆರು. ಇಲ್ಲಿ ಆರು ಅಂದರೆ ಆರು ಜನವಲ್ಲ, ಒಂದರ ಮುಂದೆ ಆರು ಸೊನ್ನೆ. ಹತ್ತು ಲಕ್ಷ ಜನ.

ಒಂಟಿ ಆಟದಲ್ಲಿ ಇದೇ ಘಳಿಗೆ ನನಗೆ ಬಹಳ ಇಷ್ಟ. ದಾಳ ಅಂಕಿ ಕೊಡುತ್ತದೆ, ಕಾರಣ ಕೊಡುವುದಿಲ್ಲ. ನೆಲವೇ ಇಲ್ಲದ ಲೋಕದಲ್ಲಿ ಹತ್ತು ಲಕ್ಷ ಜನ ಎಲ್ಲಿದ್ದಾರೆ? ದೋಣಿಗಳಲ್ಲಿಯೇ? ತೇಲುವ ಪಟ್ಟಣಗಳಲ್ಲಿಯೇ? ನಾನು ಪೆನ್ನು ಕಚ್ಚುತ್ತ ಕೂತೆ. ಮಗಳು “ಮೀನಿನಂಥ ಮಂದಿ” ಎಂದಳು.

ಆಗ ಮಂಚದ ಕಡೆಯಿಂದ ದನಿ ಬಂತು.

“ಆ ನೀರಿನ ತೆಳಗ ಊರು ಇದ್ದವೇನು?”

ನಾವಿಬ್ಬರೂ ತಿರುಗಿದೆವು. ಅಪ್ಪ ಎದ್ದು ಕೂತಿದ್ದರು.

ಓದುಗರಲ್ಲಿ ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ದೊಡ್ಡ ಅಣೆಕಟ್ಟಿದೆ, ರಾಜಾ ಲಖಮಗೌಡ ಜಲಾಶಯ. ಅದರಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಗೋಕಾಕ, ಮೂಡಲಗಿ ಕಡೆಯ ಹೊಲಗಳಿಗೆ ಕಾಲುವೆಯಲ್ಲಿ ನೀರು ಹರಿಯುವುದು ಅದರಿಂದ. ಆ ನೀರು ನಿಂತ ಜಾಗದಲ್ಲಿ ಮೊದಲು ಊರುಗಳಿದ್ದವು. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಹಳೇ ವಿಠ್ಠಲನ ಕಲ್ಲಿನ ಗುಡಿ ಮೇಲೆ ಕಾಣಿಸುತ್ತದೆ, ಜನ ಹೋಗಿ ನೋಡಿ ಬರುತ್ತಾರೆ. ಮಳೆ ಬಂದರೆ ಮತ್ತೆ ಮುಳುಗುತ್ತದೆ. ಅಪ್ಪ ಹಾಗೆ ಮುಳುಗಿದ ಊರೊಂದರವರು. ಅಷ್ಟು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ಗುಡಿ ಕಂಡಿತೆಂದು ಪೇಪರಿನಲ್ಲಿ ಫೋಟೊ ಬಂದಾಗ ಅವರು ಆ ಪುಟ ಮಡಚಿ ಇಡುತ್ತಿದ್ದರು. ನೋಡಿ ಬರೋಣವೆಂದರೆ “ಏನೈತಿ ಅಲ್ಲಿ” ಎನ್ನುತ್ತಿದ್ದರು.

“ಇದ್ದವು” ಎಂದೆ, ಕವಡೆ ಹಾಕದೆ. ಆಟದ ನಿಯಮ ಮುರಿದದ್ದು ಅದೇ ಮೊದಲು.

“ಹಂಗಾರ ಮಂದಿ ಏನೇನ ತಗೊಂಡು ಹೋದ್ರು, ಬರಕೋ” ಎಂದರು.

ನಾನು ಬರೆದುಕೊಂಡೆ. ಬಾಗಿಲ ಚೌಕಟ್ಟು ಕಿತ್ತು ಚಕ್ಕಡಿಯಲ್ಲಿ ಹೇರಿದರು. ಗೋಡೆ ಮಣ್ಣಿನದು, ಕಟ್ಟಿಗೆ ತೇಗದ್ದು. ಬೀಸುವ ಕಲ್ಲು ಹೇರಿದರು. ಬಿಳಿಜೋಳದ ಬೀಜ. ಅವರವ್ವ ಒಲೆಯ ಬೂದಿ ಒಂದು ಗಡಿಗೆ ತುಂಬಿಕೊಂಡಳು, ಯಾಕೆಂದು ಯಾರಿಗೂ ಹೇಳಲಿಲ್ಲ. ಹೊಸ ಜಾಗಕ್ಕೆ ಬಂದ ಮೇಲೆ ಎತ್ತೊಂದು ಮೂರು ಸಲ ಹಗ್ಗ ಹರಿದುಕೊಂಡು ಹಳೇ ಊರಿನ ದಾರಿ ಹಿಡಿಯಿತು. ಮೂರನೆಯ ಸಲ ಅಪ್ಪ ಹಿಡಿಯಲು ಹೋದಾಗ ಅದು ನೀರಿನ ಅಂಚಿಗೆ ನಿಂತಿತ್ತು. ಕುಡಿಯುತ್ತಿರಲಿಲ್ಲವಂತೆ, ಸುಮ್ಮನೆ ನಿಂತಿತ್ತು.

ಮಗಳು ಕೇಳಿದಳು, “ಅಜ್ಜಾ, ಅದರ ಹೆಸರೇನು?”

“ರಾಮ್ಯಾ.”

ಮರುದಿನ ಹಿರಣ್ಯಕೇಶಿ ನೌಕೆಗೆ ಒಂದು ಯಂತ್ರದ ಎತ್ತು ಬಂತು. ಸರಕು ಹೇರುವ ರೋಬಾಟ್. ಅದರ ದೋಷವೇನೆಂದರೆ, ಕ್ಯಾಪ್ಟನ್ ದ್ಯಾಮವ್ವ ಮಲಗಿದಾಗ ಅದು ನೌಕೆಯ ದಿಕ್ಕನ್ನು ಹಳೇ ಗ್ರಹದ ಕಡೆಗೆ ತಿರುಗಿಸಿಬಿಡುತ್ತದೆ. ಇದು ಮಗಳ ಕಲ್ಪನೆ. ನನಗೆ ಹೊಳೆದಿರಲಿಲ್ಲ.

ಇಲ್ಲಿಂದ ನಾನು ಸ್ಟಾರ್‌ಫೋರ್ಜ್ಡ್ ಪುಸ್ತಕವನ್ನೂ ಜೊತೆಗೆ ಸೇರಿಸಿಕೊಂಡೆ. ಅದರ ಕಥೆ ನಡೆಯುವುದೇ ಮೂಲ ನೆಲೆ ಕಳೆದುಕೊಂಡು ದೂರದ ನಕ್ಷತ್ರಗಳ ನಡುವೆ ಬಂದು ನೆಲೆಸಿದ ಜನರ ನಡುವೆ. ಆಟ ಆರಂಭಿಸುವ ಮೊದಲು ನಿಮ್ಮ ಲೋಕದ ಬಗ್ಗೆ 14 ಸಂಗತಿಗಳನ್ನು ನೀವು ತೀರ್ಮಾನಿಸಬೇಕು. ಮೊದಲನೆಯದು, ಊರು ಬಿಟ್ಟದ್ದು ಯಾಕೆ? ಪುಸ್ತಕ ಕೊಡುವ ಉತ್ತರಗಳಲ್ಲಿ ಒಂದು, ನಕ್ಷತ್ರಗಳನ್ನೇ ಆರಿಸಿಬಿಟ್ಟ ಒಂದು ಪಿಡುಗು. ಅದನ್ನು ಅಪ್ಪನಿಗೆ ಓದಿ ಹೇಳಿದೆ.

“ಅವರಿಗೆ ಸೂರ್ಯ ಆರಿದ. ನಮಗ ಸೂರ್ಯ ಇದ್ದ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನೀರು ಬಂದದ್ದು ಮಂದೀಗೆ ಚಲೋ ಆತು. ಕಬ್ಬು ಬಂತು. ಅದನ್ನೂ ಬರಿ” ಎಂದರು. ಬರೆದೆ.

ಆ ಆಟದಲ್ಲಿ ಇನ್ನೊಂದು ಪದ್ಧತಿ ಇದೆ. ಪಾತ್ರ ಏನಾದರೂ ಸಾಧಿಸಬೇಕೆಂದು ಹೊರಟರೆ ಕಬ್ಬಿಣದ ತುಂಡೊಂದನ್ನು ಮುಟ್ಟಿ ಆಣೆ ಮಾಡಬೇಕು. ಆಣೆ ತೀರಿಸಿದರೆ ಪಾತ್ರಕ್ಕೆ ಅನುಭವದ ಅಂಕ. ಅರ್ಧಕ್ಕೆ ಕೈಬಿಟ್ಟರೆ ಮನೋಬಲ ಕುಂದುತ್ತದೆ. ಇದನ್ನು ಕೇಳಿ ಅಪ್ಪ ಎದ್ದು ಹಿತ್ತಲಿಗೆ ಹೋದರು. ಬರುವಾಗ ಕೈಯಲ್ಲಿ ತುಕ್ಕು ಹಿಡಿದ ನೇಗಿಲ ಗುಳ. ಅದು ಆ ಊರಿನಿಂದ ಬಂದದ್ದೆಂದು ನಲವತ್ತು ವರ್ಷ ಅದೇ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ತುಳಸಿಕಟ್ಟೆಯ ಹಿಂದೆ ಬಿದ್ದಿತ್ತು, ಮಗಳು ಅದರ ಮೇಲೆ ಕಾಯಿ ಒಡೆಯುತ್ತಿದ್ದಳು. ಮೇಜಿನ ಮೇಲೆ ಇಟ್ಟರು. ಗೋಕಾಕದ ಮಾವಿನ ಬಣ್ಣಕ್ಕೆ ತುಕ್ಕು ಹತ್ತಿತು. ಮಗಳು ಅದನ್ನು ಮುಟ್ಟಿ, ದ್ಯಾಮವ್ವನ ಪರವಾಗಿ, ನೀರಿನ ಗ್ರಹಕ್ಕೆ ಹೋಗಿ ಒಮ್ಮೆ ನೋಡಿ ಬರುತ್ತೇನೆಂದು ಆಣೆ ಮಾಡಿದಳು.

ಒಂಟಿ ಆಟ ಅಲ್ಲಿಗೆ ಒಂಟಿ ಆಟವಾಗಿ ಉಳಿಯಲಿಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ನಿಜ. ಆದರೆ ಐದು ಜನರ ಆಟಕ್ಕೆ ಅಪ್ಪನನ್ನು ಕರೆದಿದ್ದರೆ ಅವರು ಬರುತ್ತಿರಲಿಲ್ಲ. ಒಬ್ಬನೇ ಕೂತು ಗಟ್ಟಿಯಾಗಿ ಯೋಚಿಸುತ್ತಿದ್ದವನ ಹತ್ತಿರ, ಕರೆಯದೆ, ಅವರಾಗಿ ಬಂದರು. ಈಗಲೂ ವಾರದಲ್ಲಿ ಮೂರು ರಾತ್ರಿ ನಾನೊಬ್ಬನೇ ಆಡುತ್ತೇನೆ. ಬೇಸರವೂ ಆಗುತ್ತದೆ. ಬರೆಯುತ್ತ ಬರೆಯುತ್ತ ಕೈ ನೋಯುತ್ತದೆ. ಈಗ ಒಂದು ಘಟನೆಗೆ ಮೂರು ಸಾಲು ಮಾತ್ರ ಎಂದು ಕಟ್ಟು ಹಾಕಿಕೊಂಡಿದ್ದೇನೆ. ಮೋಸ ಮಾಡುವ ಆಸೆ ದಿನವೂ ಬರುತ್ತದೆ. ಎದುರಿಗೆ ಯಾರೂ ಇಲ್ಲದಾಗ ಸೋಲಿನ ದಾಳವನ್ನು “ಮೇಜಿನಿಂದ ಕೆಳಗೆ ಬಿತ್ತು, ಲೆಕ್ಕಕ್ಕಿಲ್ಲ” ಎಂದು ಮತ್ತೆ ಹಾಕುವುದು ಎಷ್ಟು ಸುಲಭ! ಒಮ್ಮೆ ಹಾಗೆ ಮಾಡಿದೆ. ದ್ಯಾಮವ್ವ ಬದುಕಿದಳು, ಆ ರಾತ್ರಿಯ ಆಟ ಸತ್ತಿತು.

ಆಡಬಯಸುವವರಿಗೆ ಒಂದು ಮಾತು. ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. ಒಂದು ನೋಟ್‌ಬುಕ್ಕು, ನಾಲ್ಕು ಕವಡೆ ಸಾಕು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳಿ. ಮೊದಲ ಸಾಲು ಹೀಗೆ ಬರೆಯಿರಿ: ನೌಕೆ ಕೆಟ್ಟು ನಿಂತಿದೆ, ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಆಮೇಲೆ ಕವಡೆಗೆ ಕೇಳಿ, ಪರಿಚಯದವರೇ? ಮಕ್ಕಳು ಎರಡನೆಯ ಪ್ರಶ್ನೆಯನ್ನು ತಾವೇ ಕೇಳುತ್ತಾರೆ.

ಕಳೆದ ಮೇ ತಿಂಗಳ ಒಂದು ಭಾನುವಾರ, ಅಪ್ಪನೇ “ಗಾಡಿ ತಗಿ” ಎಂದರು. ಮೂವರೂ ಜಲಾಶಯದ ಹಿನ್ನೀರಿಗೆ ಹೋದೆವು. ಆ ವರ್ಷ ನೀರು ನಾವೆಣಿಸಿದಷ್ಟು ಇಳಿದಿರಲಿಲ್ಲ. ಅವರ ಊರಿದ್ದ ಕಡೆ ಬರೀ ನೀರು, ಅಂಚಿಗೆ ಬಿರುಕುಬಿಟ್ಟ ಕೆಸರು, ನಾಲ್ಕು ಬೆಳ್ಳಕ್ಕಿ. ಅಪ್ಪ ಕೋಲೆತ್ತಿ ನೀರಿನ ಮೇಲೆ ತೋರಿಸತೊಡಗಿದರು: ಅಲ್ಲಿ ಹನಮಪ್ಪನ ಗುಡಿ, ಅದರ ಬಲಕ್ಕೆ ಭಾವಿ, ಭಾವಿ ದಾಟಿ ನಮ್ಮ ಮನಿ. ಮಗಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಕ್ಷೆ ಬರೆದುಕೊಂಡಳು. ಭಾವಿಯನ್ನು ಎಡಕ್ಕೆ ಬರೆದದ್ದಕ್ಕೆ ಬೈಸಿಕೊಂಡು, ಅಳಿಸಿ, ಬಲಕ್ಕೆ ಬರೆದಳು.

ರಾತ್ರಿ ಊಟವಾದ ಮೇಲೆ ಅಪ್ಪ ಮಂಚದ ಮೇಲಿಂದಲೇ ಕೇಳಿದರು, “ನಿಮ್ಮ ದ್ಯಾಮವ್ವ ಎಲ್ಲಿಗೆ ಬಂದ್ಲು?”

“ಗ್ರಹದ ಮೇಲೆ ಸುತ್ತು ಹಾಕಾಕತ್ತಾಳ. ಇಳಿಯಾಕ ಜಾಗ ಐತೋ ಇಲ್ಲೋ ಕೇಳಬೇಕು.”

“ತಾ ಇಲ್ಲಿ” ಎಂದು ಕೈ ಚಾಚಿದರು. ಕವಡೆ ಕೊಟ್ಟೆ. ಅಂಗೈಯಲ್ಲಿ ಕುಲುಕಿ, ಹಾಸಿಗೆಯ ಮೇಲೆ ಎಸೆದರು. ಎರಡು ಬಾಯಿ ಮೇಲೆ, ಎರಡು ಬೋರಲು.

“ಹೌದು, ಆದ್ರ...” ಎಂದಳು ಮಗಳು, ಪೆನ್ಸಿಲು ಹಿಡಿದುಕೊಂಡು.